ಕಾಪಿಟ್ಟ ಮಿದುಳಿನ ಕೊಬ್ಬಿನ ಅಧ್ಯಯನ: ಅರ್ಜಿ ಹಾಕುವಲ್ಲಿಂದ ಅಂಕಿ ಓದುವವರೆಗೆ

ಮಿದುಳಿನಿಂದ ನೀರನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬು. ನರತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಪೊರೆಯಲ್ಲಂತೂ ಒಣ ತೂಕದ ಶೇ. 70ಕ್ಕೂ ಜಾಸ್ತಿ ಕೊಬ್ಬೇ. ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ ಇರುವ ಈ ಅಂಗದಲ್ಲಿ ದೇಹದ ಒಟ್ಟು ಕೊಲೆಸ್ಟರಾಲ್‌ನ ಐದನೇ ಒಂದು ಭಾಗದಷ್ಟಾದರೂ ಇದೆ. ಅಲೋಯಿಸ್ ಆಲ್‌ಝೈಮರ್ 1907ರಲ್ಲಿ ಪ್ರಕಟಿಸಿದ ವರದಿಯಲ್ಲೂ ಗ್ಲಿಯಾ (ನರಕೋಶಗಳಿಗೆ ಆಸರೆಯಾಗಿರುವ) ಕೋಶಗಳಲ್ಲಿ ಕೊಬ್ಬಿನ ಚೀಲಗಳು ಕಂಡವು ಎಂದು ಬರೆದಿದ್ದಾರೆ. ಆಮೇಲೆ ಬಹಳ ಕಾಲ ಎಲ್ಲರ ಗಮನ ಪ್ರೋಟೀನ್ ಕಡೆಗೇ ಹೋಯಿತು. ಈಗ ಮತ್ತೆ ಕೊಬ್ಬಿನ ಸರದಿ ಬಂದಿದೆ.

ಈ ಬರಹ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ಎಂಎಸ್‌ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮತ್ತು ಪೆಥಾಲಜಿ ವಿಭಾಗದಲ್ಲಿ ಇರುವವರಿಗೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಮಿದುಳನ್ನು ಯಾವ ರೀತಿಯಲ್ಲಿ ಕಾಪಿಟ್ಟಿದ್ದಾರೋ ಅದರ ಮೇಲೆ ನೀವು ಯಾವ ಪ್ರಶ್ನೆ ಕೇಳಬಹುದು ಅನ್ನುವುದು ತೀರ್ಮಾನವಾಗುತ್ತದೆ. ಅಳೆಯುವ ಯಂತ್ರ ಎಷ್ಟೇ ದೊಡ್ಡದಿರಲಿ, ಕಳೆದುಹೋದ ಕೊಬ್ಬನ್ನು ಅದು ವಾಪಸ್ ತರುವುದಿಲ್ಲ.

ಹಂತ 1: ಪ್ರಶ್ನೆ ಮೊದಲು, ಅಂಗಾಂಶ ಆಮೇಲೆ

ಮಿದುಳು ನಿಮ್ಮ ಕೈಗೆ ಸಾಮಾನ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ.

ಒಂದು, ಮೈನಸ್ 80 ಡಿಗ್ರಿಯಲ್ಲಿ ಇಟ್ಟ ತುಂಡು. ಕೊಬ್ಬಿನ ಅಧ್ಯಯನಕ್ಕೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಎಲ್ಲ ವರ್ಗದ ಲಿಪಿಡ್‌ಗಳೂ (ಕೊಬ್ಬಿನ ಜಾತಿಯ ವಸ್ತುಗಳೂ) ಇದರಲ್ಲಿ ಉಳಿದಿರುತ್ತವೆ.

ಎರಡು, ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟದ್ದು. ಸಾಮಾನ್ಯವಾಗಿ ಬಳಸುವ ಶೇ. 10ರ ಫಾರ್ಮಲಿನ್‌ನಲ್ಲಿ ಇರುವ ಫಾರ್ಮಾಲ್ಡಿಹೈಡ್ ಸುಮಾರು ಶೇ. 4. ಇಡೀ ಮಿದುಳನ್ನು ಬಕೆಟ್‌ನಲ್ಲಿ ತಳಕ್ಕೆ ಬಿಟ್ಟರೆ ಒಂದು ಬದಿ ಚಪ್ಪಟೆಯಾಗುತ್ತದೆ. ಹಾಗಾಗಿ ಬುಡದಲ್ಲಿರುವ ಬೇಸಿಲರ್ ರಕ್ತನಾಳದ ಕೆಳಗೆ ದಾರ ಪೋಣಿಸಿ, ಎರಡು ಮೂರು ವಾರ ತಲೆಕೆಳಗಾಗಿ ತೂಗುಬಿಡುತ್ತಾರೆ. ಇಂಥ ಮಿದುಳಿನಲ್ಲಿ ಕೊಲೆಸ್ಟರಾಲ್, ಸ್ಫಿಂಗೋಮಯಲಿನ್, ಸೆರೆಬ್ರೊಸೈಡ್, ಸಲ್ಫಟೈಡ್ ಎಂಬ ಲಿಪಿಡ್‌ಗಳು ತಕ್ಕಮಟ್ಟಿಗೆ ಚೆನ್ನಾಗಿಯೇ ಉಳಿಯುತ್ತವೆ. ಫಾಸ್ಫಟೈಡಿಲ್ ಎಥನಾಲಮೀನ್ ಮತ್ತು ಫಾಸ್ಫಟೈಡಿಲ್ ಸೆರೀನ್ ಹಾಗಲ್ಲ. ಇವುಗಳ ತುದಿಯಲ್ಲಿ ಅಮೈನ್ ಗುಂಪು ಇದೆ. ಫಾರ್ಮಾಲ್ಡಿಹೈಡ್ ನೇರವಾಗಿ ಅಲ್ಲಿಗೇ ಹೋಗಿ ಕೂಡಿಕೊಳ್ಳುತ್ತದೆ.

ಮೂರು, ಪ್ಯಾರಾಫಿನ್ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ತುಂಡು. ಬ್ಲಾಕ್ ಮಾಡುವಾಗ ಆಲ್ಕೊಹಾಲ್, ಆಮೇಲೆ ಝೈಲೀನ್. ಎರಡೂ ಕೊಬ್ಬನ್ನು ಕರಗಿಸಿ ತೊಳೆದುಬಿಡುತ್ತವೆ. ಪೂರ್ತಿ ಖಾಲಿಯಾಗುತ್ತದೆ ಅಂತಲ್ಲ, ಆದರೆ ಉಳಿದದ್ದನ್ನು ಅಳೆದು 'ಮಿದುಳಿನಲ್ಲಿ ಇಷ್ಟಿತ್ತು' ಎಂದು ಹೇಳುವಂತಿಲ್ಲ. ಮಯಲಿನ್ ಎಲ್ಲಿ ಹಾಳಾಗಿದೆ ಎಂದು ಬಣ್ಣ ಹಾಕಿ ನೋಡಲು ಬ್ಲಾಕ್ ಸಾಕು. ಲಿಪಿಡ್‌ಗಳ ಪ್ರಮಾಣ ಬೇಕಾದರೆ ಬ್ಲಾಕ್ ಕೇಳಲೇಬೇಡಿ.

ಒಂದು ಉದಾಹರಣೆ. ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೊಫಿ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಲ್ಫಟೈಡ್ ಕೂಡಿಬೀಳುತ್ತದೆ. ಇದನ್ನು ನೋಡಲು ಹಳೆಯ ಫಾರ್ಮಲಿನ್ ಜಾಡಿಯ ಮಿದುಳೂ ಆಗುತ್ತದೆ. ಪ್ಲಾಸ್ಮಾಲೊಜೆನ್ (ಆಮ್ಲಕ್ಕೆ ಸುಲಭವಾಗಿ ಒಡೆಯುವ ಒಂದು ಲಿಪಿಡ್) ಕಡಿಮೆಯಾಗಿದೆಯೇ ಎಂಬ ಪ್ರಶ್ನೆಗೆ ಅದೇ ಜಾಡಿ ತಪ್ಪು ಉತ್ತರ ಕೊಡುತ್ತದೆ. ಹಳೆಯ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿಕೊಳ್ಳುತ್ತದೆ, ಆ ಹುಳಿಗೆ ಪ್ಲಾಸ್ಮಾಲೊಜೆನ್ ಮುರಿದುಹೋಗುತ್ತದೆ. ಆಗ ಯಂತ್ರದಲ್ಲಿ ಲೈಸೊ ರೂಪಗಳು (ಒಂದು ಸರಪಳಿ ಕಳಚಿದ ಲಿಪಿಡ್‌ಗಳು) ಜಾಸ್ತಿ ಕಾಣುತ್ತವೆ. ಅದು ಕಾಯಿಲೆಯ ಗುರುತು ಎಂದು ಬರೆದುಬಿಟ್ಟರೆ ಕಷ್ಟ, ಅಲ್ವಾ?

ಹಂತ 2: ಅನುಮತಿ ಮತ್ತು ಮಿದುಳು ಬ್ಯಾಂಕ್

ಭಾರತದಲ್ಲಿ ಈ ಕೆಲಸಕ್ಕೆ ಮೊದಲು ನೆನಪಾಗುವ ಜಾಗ ಬೆಂಗಳೂರಿನ ನಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ರಾಷ್ಟ್ರೀಯ ಸಂಸ್ಥೆ. ಅಲ್ಲಿನ ನ್ಯೂರೋಪೆಥಾಲಜಿ ವಿಭಾಗದಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಕುಟುಂಬದವರು ಒಪ್ಪಿ ಕೊಟ್ಟ ಮಿದುಳುಗಳನ್ನು ಅಲ್ಲಿ ಕಾಪಿಟ್ಟು, ಸಂಶೋಧಕರಿಗೆ ಕೊಡುತ್ತಾರೆ. ಬಹಳ ಬ್ಯಾಂಕ್‌ಗಳಲ್ಲಿ ಮಿದುಳಿನ ಒಂದು ಅರ್ಧವನ್ನು ಫಾರ್ಮಲಿನ್‌ಗೆ ಹಾಕಿ, ಇನ್ನೊಂದು ಅರ್ಧವನ್ನು ಹೋಳು ಮಾಡಿ ಮೈನಸ್ 80ಕ್ಕೆ ಇಡುವುದು ರೂಢಿ. ಹೀಗಾಗಿ ಒಬ್ಬರದೇ ಮಿದುಳಿನ ಎರಡೂ ರೂಪ ಸಿಗುವ ಸಾಧ್ಯತೆ ಇರುತ್ತದೆ. ಅರ್ಜಿಯಲ್ಲಿ ಎರಡನ್ನೂ ಕೇಳಿ.

ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಮಿಲಿಗ್ರಾಂ ಕೂಡ ಮುಟ್ಟುವಂತಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಗಳು ಕಾಪಿಟ್ಟ ಅಂಗಾಂಶಕ್ಕೂ ಅನ್ವಯಿಸುತ್ತವೆ. ಅರ್ಜಿಯಲ್ಲಿ ಮೂರು ವಿಷಯ ಬಿಡಿಸಿ ಬರೆಯಿರಿ: ಮಿದುಳಿನ ಯಾವ ಭಾಗ, ಎಷ್ಟು ಮಿಲಿಗ್ರಾಂ, ಯಾಕೆ ಅಷ್ಟೇ. ಅಣುಗಳ ತೂಕ ಹಿಡಿದು ಲಿಪಿಡ್ ಗುರುತಿಸುವ ಒಳ್ಳೆಯ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಇದ್ದರೆ 20ರಿಂದ 50 ಮಿಲಿಗ್ರಾಂ ಧಾರಾಳ. 'ಇರಲಿ, ಮುಂದೆ ಬೇಕಾಗಬಹುದು' ಅಂತ ಸುಮ್ನೆ 5 ಗ್ರಾಂ ಕೇಳಬೇಡಿ. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನಂಥ ಭಾಗ ತೀರಾ ಚಿಕ್ಕದು, ಅದನ್ನು ಕೇಳುವವರು ಬಹಳ ಜನ. ದುಃಖದ ನಡುವೆಯೂ ಒಂದು ಕುಟುಂಬ ಒಪ್ಪಿ ಕೊಟ್ಟದ್ದು ಅದು.

ಹಂತ 3: ಸುರಕ್ಷತೆ

ಹೆಪ್ಪುಗಟ್ಟಿಸಿದ ಮಿದುಳು ಎಂದರೆ ಸೋಂಕು ಸತ್ತಿಲ್ಲದ ಮಿದುಳು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯ ವರದಿಯನ್ನು ಬ್ಯಾಂಕ್‌ನಿಂದ ಕೇಳಿ ತೆಗೆದುಕೊಳ್ಳಿ. ವರದಿ ಚೆನ್ನಾಗಿದ್ದರೂ ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬಿನ ಸುರಕ್ಷತಾ ಕ್ಯಾಬಿನೆಟ್‌ನಲ್ಲೇ ಕೆಲಸ ಮಾಡಿ.

ಪ್ರಿಯಾನ್ (ಸೋಂಕಿನಂತೆ ಹರಡುವ ಕೆಟ್ಟ ಪ್ರೋಟೀನ್) ಕಾಯಿಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯ ಪ್ರಿಯಾನ್ ಫಾರ್ಮಲಿನ್‌ಗೆ ಬಗ್ಗುವುದಿಲ್ಲ. ವರ್ಷಗಟ್ಟಲೆ ಜಾಡಿಯಲ್ಲಿದ್ದರೂ ಅದು ಹರಡಬಲ್ಲದು. ಅಂಥ ತುಂಡುಗಳನ್ನು ಶೇ. 96ರ ಫಾರ್ಮಿಕ್ ಆಮ್ಲದಲ್ಲಿ 1 ಗಂಟೆ ಇಡುವುದು ಪೆಥಾಲಜಿಯವರ ಪದ್ಧತಿ. ಹಾಗೆ ಇಟ್ಟ ತುಂಡು ನಮ್ಮ ಕೆಲಸಕ್ಕೆ ಬರುವುದಿಲ್ಲ, ಆಮ್ಲ ಲಿಪಿಡ್‌ಗಳನ್ನೂ ಒಡೆದಿರುತ್ತದೆ. ಹೊಸಬರು ಪ್ರಿಯಾನ್ ಶಂಕೆ ಇರುವ ಮಿದುಳಿನ ತಂಟೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು. ಕ್ಲೋರೊಫಾರ್ಮ್ ಲಿವರ್‌ಗೆ ಕೆಟ್ಟದ್ದು. ಎರಡನ್ನೂ ಆವಿ ಹೊರಗೆಳೆಯುವ ಹುಡ್ ಒಳಗೇ ತೆರೆಯಿರಿ. ತೆಳುವಾದ ಲೇಟೆಕ್ಸ್ ಗ್ಲೌಸ್ ಒಳಗೆ ಕ್ಲೋರೊಫಾರ್ಮ್ ಬೇಗ ಇಳಿದುಬಿಡುತ್ತದೆ. ಕೈಮೇಲೆ ಬಿದ್ದರೆ ಗ್ಲೌಸ್ ತಕ್ಷಣ ಬದಲಾಯಿಸಿ.

ಹಂತ 4: ತುಂಡಿನ ಹಿಂದಿನ ಕಥೆ ಓದಿ

ಅಂಗಾಂಶದ ಜೊತೆ ಒಂದು ಮಾಹಿತಿ ಹಾಳೆ ಬರುತ್ತದೆ. ಇದನ್ನು ಫೈಲಿಗೆ ಸೇರಿಸಿ ಮರೆತುಬಿಡುವವರೇ ಜಾಸ್ತಿ. ವಯಸ್ಸು, ಲಿಂಗ, ಸಾವಿಗೂ ಕಾಪಿಡುವುದಕ್ಕೂ ನಡುವೆ ಕಳೆದ ಗಂಟೆಗಳು, ಕೊನೆಯ ದಿನಗಳಲ್ಲಿ ವೆಂಟಿಲೇಟರ್ ಇತ್ತೇ, ಸ್ಟ್ಯಾಟಿನ್ (ಕೊಲೆಸ್ಟರಾಲ್ ಇಳಿಸುವ ಔಷಧ) ತೆಗೆದುಕೊಳ್ಳುತ್ತಿದ್ದರೇ, ಅಂಗಾಂಶದ ಪಿಎಚ್ ಎಷ್ಟು, ಫಾರ್ಮಲಿನ್‌ನಲ್ಲಿ ಎಷ್ಟು ವರ್ಷ ಇತ್ತು: ಎಲ್ಲವೂ ಬೇಕು. ಪಿಎಚ್ 6ಕ್ಕಿಂತ ಕೆಳಗಿದ್ದರೆ ಸಾವಿಗೆ ಮುಂಚೆ ಮಿದುಳು ಬಹಳ ಹೊತ್ತು ಆಮ್ಲಜನಕವಿಲ್ಲದೆ ಒದ್ದಾಡಿರುವ ಸಾಧ್ಯತೆ ಹೆಚ್ಚು.

ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಪೊರೆಗಳಿಂದ ಬಿಡಿ ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ, ಅದರಲ್ಲೂ ಅರಾಕಿಡೋನಿಕ್ ಆಮ್ಲ. ನಿಕೋಲಸ್ ಬಝಾನ್ ಇದನ್ನು 1970ರಲ್ಲೇ ಪ್ರಾಣಿಗಳ ಮಿದುಳಿನಲ್ಲಿ ತೋರಿಸಿದರು. ಡೈಗ್ಲಿಸರೈಡ್ ಕೂಡ ಹೀಗೇ ಏರುತ್ತದೆ. ಮನುಷ್ಯರ ಮಿದುಳು ನಮ್ಮ ಕೈಸೇರುವುದು ಗಂಟೆಗಳ ಮೇಲೆ. ಹಾಗಾಗಿ ಬಿಡಿ ಕೊಬ್ಬಿನಾಮ್ಲ ಮತ್ತು ಡೈಗ್ಲಿಸರೈಡ್ ಹೇಳುವುದು ಬಹುಪಾಲು ಸಾವಿನ ಹೊತ್ತಿನ ಕಥೆಯನ್ನು. ಇವುಗಳ ಮೇಲೆ ದೊಡ್ಡ ತೀರ್ಮಾನ ಕಟ್ಟಬೇಡಿ. ಕೊಲೆಸ್ಟರಾಲ್, ಸ್ಫಿಂಗೋಮಯಲಿನ್, ಸೆರೆಬ್ರೊಸೈಡ್ ಇಷ್ಟು ಬೇಗ ಬದಲಾಗುವುದಿಲ್ಲ.

ಹಂತ 5: ಕತ್ತರಿಸುವುದು

ಇಡೀ ಅಧ್ಯಯನ ಕೆಡುವುದಿದ್ದರೆ ಕೆಡುವುದು ಇಲ್ಲೇ. ನರಕೋಶಗಳಿರುವ ಬೂದು ಭಾಗದಲ್ಲಿ ನೀರು ಸುಮಾರು ಶೇ. 82, ಮಯಲಿನ್ ಸುತ್ತಿದ ನರತಂತುಗಳಿರುವ ಬಿಳಿ ಭಾಗದಲ್ಲಿ ಸುಮಾರು ಶೇ. 72. ಒಣ ತೂಕದಲ್ಲಿ ಕೊಬ್ಬು ಬೂದು ಭಾಗದಲ್ಲಿ ಮೂರನೇ ಒಂದು ಪಾಲು, ಬಿಳಿ ಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ. ಸೆರೆಬ್ರೊಸೈಡ್, ಸಲ್ಫಟೈಡ್ ಬಿಳಿ ಭಾಗದ ಆಸ್ತಿ. ಡಿಎಚ್‌ಎ (ಒಂದು ಒಮೆಗಾ-3 ಕೊಬ್ಬಿನಾಮ್ಲ), ಗ್ಯಾಂಗ್ಲಿಯೊಸೈಡ್ ಬೂದು ಭಾಗದವು. ಕಾರ್ಟೆಕ್ಸ್ (ಮಿದುಳಿನ ಮೇಲ್ಪದರದ ಬೂದು ಭಾಗ) ತೆಗೆಯುವಾಗ ಕೆಳಗಿನ ಬಿಳಿ ಭಾಗ ಒಂದಿಷ್ಟು ಸೇರಿಕೊಂಡರೂ ಸಾಕು, ಒಬ್ಬ ರೋಗಿಯಲ್ಲಿ 'ಸಲ್ಫಟೈಡ್ ಏರಿದೆ' ಎಂದು ಕಾಣುತ್ತದೆ. ಏರಿರುವುದು ಸಲ್ಫಟೈಡ್ ಅಲ್ಲ, ಬ್ಲೇಡು ಆಳಕ್ಕೆ ಹೋಗಿದೆ ಅಷ್ಟೇ.

ಹೆಪ್ಪುಗಟ್ಟಿದ ತುಂಡನ್ನು ಬೆಂಚಿನ ಮೇಲೆ ಕರಗಲು ಬಿಡಬೇಡಿ. ಕ್ರಯೊಸ್ಟ್ಯಾಟ್ (ತಣ್ಣಗಿಟ್ಟೇ ಹೋಳು ತೆಗೆಯುವ ಯಂತ್ರ) ಒಳಗೆ ಮೈನಸ್ 20ರಲ್ಲಿ ಇಟ್ಟು, ತಣ್ಣಗಿನ ಸ್ಕಾಲ್ಪೆಲ್‌ನಿಂದ ಬೂದು, ಬಿಳಿ ಬೇರೆ ಮಾಡಿ. ಆ ಚಳಿಯಲ್ಲಿ ಬಿಳಿ ಭಾಗ ಹಾಲುಬಿಳಿಯಾಗಿ, ಬೂದು ಭಾಗ ಕೊಂಚ ಕಂದುಗುಲಾಬಿಯಾಗಿ ಕಾಣುತ್ತದೆ. ಗೆರೆ ಸ್ಪಷ್ಟ. ಗೆರೆಯಿಂದ ಎರಡೂ ಕಡೆ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿದರೆ ನೆಮ್ಮದಿ. ಕತ್ತರಿಸಿದ್ದನ್ನು ಮೊದಲೇ ತೂಗಿ ತಣ್ಣಗೆ ಮಾಡಿಟ್ಟ ಟ್ಯೂಬಿಗೆ ಹಾಕಿ, ತಕ್ಷಣ ತೂಗಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ತುಂಡನ್ನು ಲೆಕ್ಕಕ್ಕೆ ಸೇರಿಸಬೇಡಿ.

ಹಂತ 6: ಕೊಬ್ಬನ್ನು ಹೊರತೆಗೆಯುವುದು

ಮಿದುಳಿನ ಕೊಬ್ಬಿನ ರಸಾಯನಕ್ಕೆ ಅಡಿಪಾಯ ಹಾಕಿದವರು ಲಂಡನ್ನಿನಲ್ಲಿ ಕೆಲಸ ಮಾಡಿದ ಜರ್ಮನ್ ವೈದ್ಯ ಥುಡಿಕಮ್. ಅವರ ಪುಸ್ತಕ 1884ರದ್ದು. ಆದರೆ ಇವತ್ತಿಗೂ ಲ್ಯಾಬಿನಲ್ಲಿ ದಿನನಿತ್ಯ ಬಳಸುವ ವಿಧಾನ ಜೋರ್ಡಿ ಫೋಲ್ಚ್ ಮತ್ತು ಜೊತೆಯವರು 1957ರಲ್ಲಿ ಪ್ರಕಟಿಸಿದ್ದು. ಅದು ಹುಟ್ಟಿದ್ದೇ ಮಿದುಳಿಗಾಗಿ. 1959ರ ಬ್ಲೈ ಮತ್ತು ಡೈಯರ್ ವಿಧಾನ ಮೀನಿನ ಮಾಂಸಕ್ಕೆ ಮಾಡಿದ್ದು, ಅದರಲ್ಲಿ ದ್ರಾವಕ ಕಡಿಮೆ. ಕೊಬ್ಬು ಜಾಸ್ತಿ ಇರುವ ಮಿದುಳಿಗೆ ನಾನು ಫೋಲ್ಚ್ ವಿಧಾನವನ್ನೇ ಹೇಳುತ್ತೇನೆ.

50 ಮಿಲಿಗ್ರಾಂ ತುಂಡಿಗೆ ಹೀಗೆ ಮಾಡಿ.

ಮೊದಲು ಇಂಟರ್ನಲ್ ಸ್ಟ್ಯಾಂಡರ್ಡ್, ಅಂದರೆ ಎಷ್ಟು ಹಾಕಿದೆವು ಎಂದು ಗೊತ್ತಿರುವ ಹೋಲಿಕೆಯ ಲಿಪಿಡ್, ಹಾಕಿ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಲಿಪಿಡ್‌ಗಳ ಮಿಶ್ರಣ ಸಿದ್ಧವಾಗಿ ಸಿಗುತ್ತದೆ. ನೀವು ಅಳೆಯುವ ಪ್ರತಿಯೊಂದು ವರ್ಗಕ್ಕೂ ಅದೇ ವರ್ಗದ ಸ್ಟ್ಯಾಂಡರ್ಡ್ ಬೇಕು. ಇದನ್ನು ಕೊನೆಯಲ್ಲಿ ಹಾಕಿದರೆ ಮಧ್ಯದಲ್ಲಿ ಎಷ್ಟು ನಷ್ಟವಾಯಿತು ಎನ್ನುವುದು ಗೊತ್ತಾಗುವುದೇ ಇಲ್ಲ.

ಕ್ಲೋರೊಫಾರ್ಮ್ 2 ಪಾಲು, ಮೆಥನಾಲ್ 1 ಪಾಲು ಬೆರೆಸಿಟ್ಟುಕೊಳ್ಳಿ. ಕೊಬ್ಬಿನಾಮ್ಲಗಳು ಗಾಳಿಗೆ ಕೆಡದಂತೆ ಶೇ. 0.01ರಷ್ಟು ಬಿಎಚ್‌ಟಿ ಎಂಬ ರಕ್ಷಕ ರಾಸಾಯನಿಕ ಸೇರಿಸಿ. ತುಂಡಿನ 20 ಪಟ್ಟು, ಅಂದರೆ 1 ಮಿಲಿಲೀಟರ್ ಮಿಶ್ರಣದಲ್ಲಿ ಗಾಜಿನ ಹೋಮೊಜಿನೈಸರ್‌ನಿಂದ ಚೆನ್ನಾಗಿ ಅರೆಯಿರಿ. ಪ್ಲಾಸ್ಟಿಕ್ ಬೇಡ. ಕ್ಲೋರೊಫಾರ್ಮ್ ಪ್ಲಾಸ್ಟಿಕ್‌ನಿಂದ ಏನೇನೋ ಎಳೆದುಕೊಂಡು ಬರುತ್ತದೆ, ಅದೆಲ್ಲ ಯಂತ್ರದಲ್ಲಿ ದೊಡ್ಡ ಶಿಖರವಾಗಿ ಎದ್ದು ನಿಲ್ಲುತ್ತದೆ. ಮುಚ್ಚಳ ಟೆಫ್ಲಾನ್ ಪದರ ಇರುವುದೇ ಆಗಬೇಕು.

20 ನಿಮಿಷ ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡಿ, ದ್ರವವನ್ನು ಬೇರೆ ಗಾಜಿನ ಟ್ಯೂಬಿಗೆ ತೆಗೆದುಕೊಳ್ಳಿ. ಉಳಿದ ಗಸಿಗೆ ಇನ್ನೊಮ್ಮೆ ಅರ್ಧದಷ್ಟು ಮಿಶ್ರಣ ಹಾಕಿ ತೆಗೆದು ಕೂಡಿಸಿ. ಈಗ ಒಟ್ಟು ದ್ರವದ ಐದನೇ ಒಂದು ಭಾಗದಷ್ಟು ಶೇ. 0.9ರ ಉಪ್ಪುನೀರು ಸೇರಿಸಿ ಮೆಲ್ಲಗೆ ಬೆರೆಸಿ. ಜೋರಾಗಿ ಕುಲುಕಿದರೆ ಎರಡು ಪದರ ಬೇರೆಯಾಗಲು ಹಠ ಮಾಡುತ್ತವೆ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ.

ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ ತಿಳಿಯಾದ ಕ್ಲೋರೊಫಾರ್ಮ್ ಪದರ, ಅದರಲ್ಲಿ ಬಹುಪಾಲು ಲಿಪಿಡ್. ಮೇಲೆ ಮೆಥನಾಲ್ ಮತ್ತು ನೀರು. ನಡುವೆ ಹಾಲಿನ ಕೆನೆಯಂತೆ ಬಿಳಿ ಪೊರೆ, ಅದು ಪ್ರೋಟೀನ್. ಮೇಲಿನ ಪದರವನ್ನು ಬೇಸಿನ್ನಿಗೆ ಚೆಲ್ಲಬೇಡಿ! ಗ್ಯಾಂಗ್ಲಿಯೊಸೈಡ್‌ಗಳು ಸಕ್ಕರೆ ಸರಪಳಿ ಹೊತ್ತಿರುವುದರಿಂದ ಮೇಲಿನ ಪದರಕ್ಕೆ ಹೋಗುತ್ತವೆ. ಟೇ-ಸ್ಯಾಕ್ಸ್‌ನಂಥ ಆನುವಂಶಿಕ ಕಾಯಿಲೆಯಲ್ಲಿ ಕೂಡಿಬೀಳುವ ಜಿಎಂ2 ಎಂಬ ಗ್ಯಾಂಗ್ಲಿಯೊಸೈಡ್ ಹುಡುಕುವವರಿಗೆ ಬೇಕಾದದ್ದು ಅಲ್ಲೇ ಇದೆ.

ಕೆಳಗಿನ ಪದರವನ್ನು ಗಾಜಿನ ಪಾಶ್ಚರ್ ಪಿಪೆಟ್‌ನಿಂದ ತೆಗೆಯಬೇಕು. ಪಿಪೆಟ್ಟಿನ ತುದಿಯಿಂದ ಒಂದೆರಡು ಗುಳ್ಳೆ ಬಿಡುತ್ತ ಮೇಲಿನ ಪದರ, ಬಿಳಿ ಪೊರೆ ದಾಟಿ ತಳ ಮುಟ್ಟಿ. ಆಮೇಲೆ ಎಳೆಯಿರಿ. ಗುಳ್ಳೆ ಬಿಡುವುದರಿಂದ ಮೇಲಿನ ದ್ರವ ತುದಿಯೊಳಗೆ ನುಗ್ಗುವುದಿಲ್ಲ. ಪೊರೆಯ ಹತ್ತಿರದ ಕೊನೆಯ ಹನಿಗಳ ಆಸೆ ಬಿಟ್ಟುಬಿಡಿ, ಸ್ಟ್ಯಾಂಡರ್ಡ್ ಮೊದಲೇ ಹಾಕಿರುವುದರಿಂದ ಆ ನಷ್ಟ ಲೆಕ್ಕದಲ್ಲಿ ಸರಿಹೋಗುತ್ತದೆ.

ನೈಟ್ರೋಜನ್ ಗಾಳಿ ಹಾಯಿಸಿ ಒಣಗಿಸಿ, ತೂಗಿ. ಇಲ್ಲೊಂದು ಒಳ್ಳೆಯ ಪರೀಕ್ಷೆ ಇದೆ. ಮೇಲೆ ಹೇಳಿದ ನೀರು, ಕೊಬ್ಬಿನ ಲೆಕ್ಕ ಹಿಡಿದರೆ 50 ಮಿಲಿಗ್ರಾಂ ಬೂದು ಭಾಗದಿಂದ ಸುಮಾರು 3 ಮಿಲಿಗ್ರಾಂ, ಬಿಳಿ ಭಾಗದಿಂದ 7ರಿಂದ 8 ಮಿಲಿಗ್ರಾಂ ಕೊಬ್ಬು ಬರಬೇಕು. ಬೂದು ಎಂದು ಕತ್ತರಿಸಿದ್ದರಿಂದ 6 ಮಿಲಿಗ್ರಾಂ ಬಂತೇ? ಹಾಗಾದರೆ ಹಂತ 5ಕ್ಕೆ ವಾಪಸ್ ಹೋಗಿ. ಒಣಗಿದ ಕೊಬ್ಬನ್ನು ಹಾಗೇ ಇಡಬೇಡಿ. ಸ್ವಲ್ಪ ಕ್ಲೋರೊಫಾರ್ಮ್-ಮೆಥನಾಲ್‌ನಲ್ಲಿ ಕರಗಿಸಿ, ನೈಟ್ರೋಜನ್ ತುಂಬಿ, ಮೈನಸ್ 80ಕ್ಕೆ ಸೇರಿಸಿ.

ಹಂತ 7: ಫಾರ್ಮಲಿನ್ ತುಂಡಾದರೆ

ಮೊದಲು ತಣ್ಣಗಿನ ಬಫರ್‌ನಲ್ಲಿ ಹಲವು ಬಾರಿ ಬದಲಾಯಿಸುತ್ತ ತೊಳೆದು ಫಾರ್ಮಲಿನ್ ತೆಗೆಯಿರಿ. ಗಟ್ಟಿಯಾದ ಅಂಗಾಂಶ ಸುಲಭಕ್ಕೆ ನುರಿಯುವುದಿಲ್ಲ, ಆದಷ್ಟು ತೆಳ್ಳಗೆ ಕೊಚ್ಚಿ. ಉಳಿದದ್ದು ಫೋಲ್ಚ್ ವಿಧಾನವೇ.

ಯಂತ್ರದಲ್ಲಿ ನೋಡುವಾಗ ಬೇರೆ ಕಣ್ಣು ಬೇಕು. ಎಥನಾಲಮೀನ್ ಲಿಪಿಡ್‌ಗೆ ಒಂದು ಫಾರ್ಮಾಲ್ಡಿಹೈಡ್ ಕೂಡಿಕೊಂಡರೆ ತೂಕ 30 ಡಾಲ್ಟನ್ (ಅಣುತೂಕದ ಅಳತೆ) ಏರುತ್ತದೆ. ಅದರಿಂದ ನೀರು ಹೊರಟುಹೋದರೆ ನಿವ್ವಳ ಏರಿಕೆ 12. ಈ ಎರಡು ಅಂತರಗಳನ್ನು ಹುಡುಕಿ. ಸಿಕ್ಕಿದರೆ ಕಾಣೆಯಾದ ಲಿಪಿಡ್ ಎಲ್ಲಿ ಹೋಯಿತು ಎಂಬುದಕ್ಕೆ ಸಾಕ್ಷಿ ಸಿಕ್ಕಂತೆ. ಹೆಪ್ಪುಗಟ್ಟಿಸಿದ ತುಂಡು ಮತ್ತು ಫಾರ್ಮಲಿನ್ ತುಂಡನ್ನು ಒಂದೇ ಗುಂಪಿಗೆ ಹಾಕಿ ಹೋಲಿಸುವುದು ಬೇಡವೇ ಬೇಡ. ಒಬ್ಬರದೇ ಮಿದುಳಿನ ಎರಡೂ ರೂಪ ಸಿಕ್ಕಿದ್ದರೆ, ಮೊದಲು ಆ ಎರಡರ ನಡುವಿನ ವ್ಯತ್ಯಾಸ ಅಳೆಯಿರಿ. ಜಾಡಿ ಏನು ಮಾಡಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಹಂತ 8: ಕಣ್ಣಾರೆ ನೋಡುವುದು

ಅಂಕಿಗಳಷ್ಟೇ ಸಾಲದು, ಕೊಬ್ಬು ಯಾವ ಕೋಶದಲ್ಲಿದೆ ಎಂದೂ ನೋಡಬೇಕು. ಇದಕ್ಕೆ ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಓ ಇನ್ನೂ ಒಳ್ಳೆಯ ಬಣ್ಣ, ಖರ್ಚೂ ಕಡಿಮೆ. ಫಾರ್ಮಲಿನ್ ತುಂಡನ್ನು ಶೇ. 30ರ ಸಕ್ಕರೆ ನೀರಿನಲ್ಲಿ ಅದು ತಳಕ್ಕೆ ಇಳಿಯುವವರೆಗೆ ಇಡಿ. ಆಮೇಲೆ ಕ್ರಯೊಸ್ಟ್ಯಾಟ್‌ನಲ್ಲಿ 10 ಮೈಕ್ರಾನ್ ಹೋಳು ತೆಗೆಯಿರಿ. ಐಸೊಪ್ರೊಪನಾಲ್‌ನಲ್ಲಿ ಮಾಡಿಟ್ಟ ಶೇ. 0.5ರ ಬಣ್ಣದ 6 ಪಾಲಿಗೆ 4 ಪಾಲು ನೀರು ಬೆರೆಸಿ, 10 ನಿಮಿಷ ಬಿಟ್ಟು ಸೋಸಿ. ಸೋಸದಿದ್ದರೆ ಬಣ್ಣದ ಹರಳುಗಳೇ ಕೊಬ್ಬಿನ ಹನಿಗಳಂತೆ ಕಂಡು ಮೋಸ ಮಾಡುತ್ತವೆ. ಹೋಳನ್ನು ಶೇ. 60ರ ಐಸೊಪ್ರೊಪನಾಲ್‌ನಲ್ಲಿ ಅದ್ದಿ, 15 ನಿಮಿಷ ಬಣ್ಣದಲ್ಲಿಟ್ಟು, ಮತ್ತೆ ಅದೇ ಐಸೊಪ್ರೊಪನಾಲ್‌ನಲ್ಲಿ ಒಮ್ಮೆ ಅದ್ದಿ, ನೀರಿನಲ್ಲಿ ತೊಳೆಯಿರಿ. ಕೋಶಕೇಂದ್ರ ಕಾಣಲು ಹೆಮಟಾಕ್ಸಿಲಿನ್ ಹಾಕಿ ಗ್ಲಿಸರಿನ್ ಜೆಲ್ಲಿಯಲ್ಲಿ ಮುಚ್ಚಿ. ಸ್ಲೈಡಿಗೆ ಸಾಮಾನ್ಯವಾಗಿ ಹಾಕುವ ಡಿಪಿಎಕ್ಸ್ ಅಂಟು ಬಳಸಿದರೆ ಝೈಲೀನ್ ಬಂದು ಕೊಬ್ಬು ಕರಗುತ್ತದೆ.

ಆರೋಗ್ಯವಾಗಿರುವ ಮಿದುಳಿನಲ್ಲಿ ಕೊಲೆಸ್ಟರಾಲ್ ಎಸ್ಟರ್ ಇಲ್ಲವೆನ್ನುವಷ್ಟು ಕಡಿಮೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮಯಲಿನ್ ಒಡೆಯುತ್ತಿರುವ ಜಾಗದಲ್ಲಿ, ಅದನ್ನು ನುಂಗಿದ ಮ್ಯಾಕ್ರೊಫೇಜ್ ಕೋಶಗಳು ಹೊಟ್ಟೆ ತುಂಬ ಕೆಂಪು ಹನಿಗಳನ್ನು ತುಂಬಿಕೊಂಡು ಸಾಲಾಗಿ ನಿಂತಿರುತ್ತವೆ. ಒಮ್ಮೆ ನೋಡಿದವರಿಗೆ ಅದು ಮರೆಯುವುದಿಲ್ಲ. ವಯಸ್ಸಾದವರ ನರಕೋಶಗಳಲ್ಲಿ ಲಿಪೊಫಸ್ಕಿನ್ ಎಂಬ ಕಂದು ಕಸವೂ ಬಣ್ಣ ಹೀರುತ್ತದೆ. ಅದನ್ನು ಹೊಸ ಕೊಬ್ಬಿನ ಹನಿ ಎಂದು ಎಣಿಸದಿರಲು, ಬಣ್ಣ ಹಾಕದ ಪಕ್ಕದ ಹೋಳನ್ನು ಫ್ಲೂರೊಸೆನ್ಸ್‌ನಲ್ಲಿ ನೋಡಿ. ಲಿಪೊಫಸ್ಕಿನ್ ತಾನಾಗಿಯೇ ಹೊಳೆಯುತ್ತದೆ.

ಮಾಲ್ಡಿ ಇಮೇಜಿಂಗ್ (ಹೋಳಿನ ಮೇಲೆ ಲೇಸರ್ ಹಾಯಿಸಿ ಯಾವ ಲಿಪಿಡ್ ಎಲ್ಲಿದೆ ಎಂದು ಚಿತ್ರ ಮಾಡುವುದು) ಸೌಲಭ್ಯ ಇದ್ದರೆ ಹೆಪ್ಪುಗಟ್ಟಿಸಿದ ತುಂಡಿನ 10ರಿಂದ 12 ಮೈಕ್ರಾನ್ ಹೋಳು ಬಳಸಿ. ತುಂಡನ್ನು ಕ್ರಯೊಸ್ಟ್ಯಾಟ್‌ನಲ್ಲಿ ಕೂರಿಸಲು ಬಳಸುವ ಓಸಿಟಿ ಅಂಟಿನಲ್ಲಿ ಮುಳುಗಿಸಬೇಡಿ, ಅದರ ಪಾಲಿಮರ್ ಲಿಪಿಡ್‌ಗಳ ಸಂಕೇತವನ್ನೇ ಅಡಗಿಸುತ್ತದೆ.

ಹಂತ 9: ಅಳೆಯುವುದು

ದೊಡ್ಡ ಯಂತ್ರಕ್ಕೆ ಮುಂಚೆ ಸಿಲಿಕಾ ತಟ್ಟೆಯ ಮೇಲೆ ಟಿಎಲ್‌ಸಿ ಓಡಿಸಿ, ಅಂದರೆ ದ್ರಾವಕ ಏರಿಸಿ ಲಿಪಿಡ್ ವರ್ಗಗಳನ್ನು ಚುಕ್ಕೆಗಳಾಗಿ ಬೇರೆ ಮಾಡಿ. ಕ್ಲೋರೊಫಾರ್ಮ್, ಮೆಥನಾಲ್, ನೀರು 65:25:4 ಪ್ರಮಾಣ. ಮೇಲ್ತುದಿಯಲ್ಲಿ ಕೊಲೆಸ್ಟರಾಲ್, ಕೆಳಗೆ ಸೆರೆಬ್ರೊಸೈಡ್‌ನ ಜೋಡಿ ಚುಕ್ಕೆ, ಆಮೇಲೆ ಎಥನಾಲಮೀನ್, ಕೋಲೀನ್ ಲಿಪಿಡ್, ಅದರ ಕೆಳಗೆ ಸ್ಫಿಂಗೋಮಯಲಿನ್. ಆರ್ಸಿನಾಲ್ ಸಿಂಪಡಿಸಿ ಬಿಸಿ ಮಾಡಿದರೆ ಸಕ್ಕರೆ ಇರುವ ಲಿಪಿಡ್‌ಗಳು ನೇರಳೆಯಾಗುತ್ತವೆ. ಸಣ್ಣ ಕಾಲೇಜಿನ ಲ್ಯಾಬಿನಲ್ಲೂ ಆಗುವ ಕೆಲಸ ಇದು. ಮಾದರಿ ಕೆಟ್ಟಿದ್ದರೆ ಲೈಸೊ ಚುಕ್ಕೆ ಇಲ್ಲೇ ಕಾಣುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಕೆಲವು ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಇವು ಲಿಪಿಡ್ ಒಡೆದಾಗ ಬರುವ ತುಣುಕುಗಳ ತೂಕ. ಧನ ವಿಧಾನದಲ್ಲಿ (ಧನ ವಿದ್ಯುದಂಶದ ತುಣುಕು ಅಳೆಯುವಾಗ) ಕೋಲೀನ್ ಲಿಪಿಡ್‌ಗೆ 184, ಕೊಲೆಸ್ಟರಾಲ್‌ಗೆ 369, ಸಾಮಾನ್ಯ ಸೆರಮೈಡ್‌ಗೆ 264, ಎಥನಾಲಮೀನ್ ಲಿಪಿಡ್ ಒಡೆದಾಗ 141ರ ನಷ್ಟ. ಋಣ ವಿಧಾನದಲ್ಲಿ ಸಲ್ಫಟೈಡ್‌ಗೆ 97. ತೂಕ ಒಂದೇ ಆದರೆ ಲಿಪಿಡ್ ಒಂದೇ ಅಲ್ಲ. ಪಿಸಿ 34:1 (ಕೋಲೀನ್ ಲಿಪಿಡ್; ಸರಪಳಿಗಳಲ್ಲಿ 34 ಇಂಗಾಲ, 1 ಜೋಡಿ ಬಂಧ) ಮತ್ತು ಪಿಇ 37:1 (ಎಥನಾಲಮೀನ್ ಲಿಪಿಡ್) ಎರಡರದ್ದೂ ಒಂದೇ ಸೂತ್ರ. ಗ್ಯಾಲಾಕ್ಟೊಸಿಲ್ ಸೆರಮೈಡ್ ಮತ್ತು ಗ್ಲುಕೊಸಿಲ್ ಸೆರಮೈಡ್ ಕೂಡ ಹಾಗೇ. ಗೋಶೆ ಕಾಯಿಲೆಯಲ್ಲಿ ಕೂಡಿಬೀಳುವುದು ಎರಡನೆಯದು, ಮಿದುಳಿನಲ್ಲಿ ತುಂಬಿ ತುಳುಕುವುದು ಮೊದಲನೆಯದು. ಹಿಲಿಕ್ ಕಾಲಮ್‌ನಲ್ಲಿ (ಲಿಪಿಡ್‌ಗಳನ್ನು ತುದಿಯ ಗುಂಪಿನ ಮೇಲೆ ಬೇರೆ ಮಾಡುವ ಕೊಳವೆಯಲ್ಲಿ) ಬೇರೆ ಮಾಡದೆ ಹೆಸರು ಬರೆಯಬೇಡಿ.

ರೋಗಿಗಳ ಮತ್ತು ಹೋಲಿಕೆಯವರ ಮಾದರಿಗಳನ್ನು ಗುಂಪು ಗುಂಪಾಗಿ ಅಲ್ಲ, ಸರದಿ ಬೆರೆಸಿ ಓಡಿಸಿ. ಎಲ್ಲದರಿಂದ ಚೂರು ಚೂರು ಕೂಡಿಸಿದ ಒಂದು ಮಾದರಿಯನ್ನು ನಡುನಡುವೆ ಹಾಕಿ. ಖಾಲಿ ಟ್ಯೂಬಿನ ಹೊರತೆಗೆತವೂ ಇರಲಿ.

ಹಂತ 10: ಅಂಕಿಗಳನ್ನು ಓದುವುದು

ಹೆಪ್ಪುಗಟ್ಟಿಸಿದ ತುಂಡಿಗೆ ಹಸಿ ತೂಕದ ಲೆಕ್ಕ ನಡೆಯುತ್ತದೆ. ಫಾರ್ಮಲಿನ್ ತುಂಡಿಗೆ ನಡೆಯುವುದಿಲ್ಲ, ನೀರು ಬದಲಾಗಿರುತ್ತದೆ. ಪ್ರೋಟೀನ್ ಲೆಕ್ಕವೂ ಕಷ್ಟ, ಪ್ರೋಟೀನ್‌ಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಲ್ಲಿ ಒಣ ತೂಕ ಹಿಡಿಯಿರಿ.

ಕಾಯಿಲೆಯಿಂದ ನರಕೋಶಗಳೇ ಸತ್ತಿದ್ದರೆ ಅವುಗಳ ಪೊರೆಯ ಲಿಪಿಡ್ ಕಡಿಮೆಯಾಗಿಯೇ ಆಗುತ್ತದೆ. ಅದು ಲಿಪಿಡ್ ತಯಾರಿಯ ದೋಷ ಅಲ್ಲ. ಇವೆರಡನ್ನು ಬೇರೆ ಮಾಡಲು ಪಕ್ಕದ ಹೋಳಿನಲ್ಲಿ ನರಕೋಶಗಳನ್ನು ಎಣಿಸಿ, ಲಕ್ಸೋಲ್ ಫಾಸ್ಟ್ ಬ್ಲೂ ಹಾಕಿ ಮಯಲಿನ್ ನೋಡಿ. ಒಂದೇ ವರ್ಗದಲ್ಲಿ ಕೊಬ್ಬಿನಾಮ್ಲದ ಸರಪಳಿ ಉದ್ದವಾಗಿದ್ದರೆ ಅದು ನಿಜವಾದ ಸುಳಿವು. ಎಕ್ಸ್-ಅಡ್ರಿನೊಲ್ಯೂಕೋಡಿಸ್ಟ್ರೊಫಿ ಎಂಬ ಆನುವಂಶಿಕ ಕಾಯಿಲೆಯಲ್ಲಿ 26 ಇಂಗಾಲದ ಕೊಬ್ಬಿನಾಮ್ಲ ಏರುವುದು ಇಂಥದ್ದು, ಕೋಶಗಳ ಸಾವು ಒಂದೇ ಅದನ್ನು ವಿವರಿಸಲಾರದು.

ಬರೆಯುವಾಗ ಸಾವಿನ ನಂತರದ ಗಂಟೆಗಳು, ಫಾರ್ಮಲಿನ್‌ನಲ್ಲಿದ್ದ ವರ್ಷಗಳು, ಪಿಎಚ್ ಎಲ್ಲವನ್ನೂ ಪ್ರತಿ ಮಾದರಿಗೂ ಕೋಷ್ಟಕದಲ್ಲಿ ಕೊಡಿ. ದಾನಿಯ ಗುರುತು ಎಲ್ಲೂ ಬರಬಾರದು, ಬ್ಯಾಂಕ್ ಕೊಟ್ಟ ಸಂಕೇತ ಸಂಖ್ಯೆ ಸಾಕು. ಉಳಿದ ತುಂಡನ್ನು ಏನು ಮಾಡಬೇಕೆಂದು ಬ್ಯಾಂಕ್‌ನ ಒಪ್ಪಂದದಲ್ಲಿ ಇರುತ್ತದೆ. ವಾಪಸ್ ಕೇಳಿದ್ದರೆ ತೂಗಿ, ಡ್ರೈ ಐಸ್‌ನಲ್ಲಿ ಕಳಿಸಿ. ಇಲ್ಲದಿದ್ದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಹಾಕಿ, ಎಷ್ಟು ಬಳಸಿದಿರಿ, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ನಿಮ್ಮ ಫಲಿತಾಂಶದ ಪ್ರತಿಯ ಜೊತೆ ಬ್ಯಾಂಕಿಗೆ ಕಳಿಸಿ. ಅದೇ ಮಿದುಳಿನ ಮೇಲೆ ಮುಂದೆ ಕೆಲಸ ಮಾಡುವವರು ಮೊದಲು ಕೇಳುವುದು ಆ ಕಾಗದವನ್ನೇ.